ಸೋಲ್‌ನಲ್ಲಿದ್ದುಕೊಂಡು ನನ್ನ ಮೂಗಿನ ಬಗ್ಗೆ ಯೋಚಿಸಿದ್ದು

ಕೊರಿಯಾದ ಧಾರಾವಾಹಿಗಳನ್ನು ನಮ್ಮ ಕಡೆಯ ಮನೆಗಳಲ್ಲಿಯೂ ನೋಡತೊಡಗಿದ ಮೇಲೆ, ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ಸಮೀಪ ವಾಸವಾಗಿರುವ ನನಗೆ ಊರಿನಿಂದ ಬರುವ ಪ್ರಶ್ನೆಗಳು ಬದಲಾಗಿವೆ. ಅಲ್ಲಿ ಚಳಿ ಎಷ್ಟು, ಸಸ್ಯಾಹಾರ ಸಿಗುತ್ತದೆಯೇ ಎಂದು ಮೊದಲೆಲ್ಲ ವಿಚಾರಿಸುತ್ತಿದ್ದವರ ಮಕ್ಕಳು ಈಗ ಇಲ್ಲಿನ ಪ್ಲಾಸ್ಟಿಕ್ ಸರ್ಜನ್ನರ ವಿಷಯ ಕೇಳುತ್ತಾರೆ. ಈಚೆಗೆ ನಮ್ಮ ಸಂಬಂಧಿಕರ ಮಗಳೊಬ್ಬಳು, ಮೂಗು ತಿದ್ದಿಸಿಕೊಳ್ಳಲು ಸೋಲ್‌ಗೆ ಬರಬೇಕೆಂದಿದ್ದೇನೆ, ಯಾವ ಆಸ್ಪತ್ರೆ ಒಳ್ಳೆಯದು ತಿಳಿಸಿ ಎಂದು ದೀರ್ಘವಾದ ಸಂದೇಶ ಬರೆದಳು. ಅವಳಿಗೆ ನಾನು ಕೊಟ್ಟ ಉತ್ತರವನ್ನು, ಅವಳ ಒಪ್ಪಿಗೆ ಪಡೆದು, ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ. ನಾನೂ ಇದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಹಳ ಕಾಲ ಓಡಾಡಿದವಳು. ಆದ್ದರಿಂದ ದೂರದಲ್ಲಿ ನಿಂತು ಉಪದೇಶ ಮಾಡುವ ಉದ್ದೇಶ ನನಗಿಲ್ಲ.

ನನ್ನ ಕಚೇರಿ ಇರುವುದು ಸೋಲ್ ನಗರದ ದಕ್ಷಿಣಕ್ಕಿರುವ ಪಾಂಗ್ಯೋದಲ್ಲಿ. ಅಲ್ಲಿಂದ ಶಿನ್‌ಬುಂದಾಂಗ್ ಮೆಟ್ರೊ ಹತ್ತಿದರೆ ನೇರವಾಗಿ ಶಿನ್ಸಾ ನಿಲ್ದಾಣದವರೆಗೆ ಹೋಗಬಹುದು. ಶಿನ್ಸಾ ಮತ್ತು ಅದರ ಪಕ್ಕದ ಅಪ್ಗುಜಂಗ್, ಗಂಗ್ನಮ್ ಜಿಲ್ಲೆಯ ಸೌಂದರ್ಯ ಚಿಕಿತ್ಸಾಲಯಗಳು ಒತ್ತೊತ್ತಾಗಿ ನಿಂತಿರುವ ಪ್ರದೇಶ. ಒಂದೇ ಕಟ್ಟಡದಲ್ಲಿ ಒಂದು ಮಹಡಿ ಕಣ್ಣಿಗೆ, ಇನ್ನೊಂದು ದವಡೆಗೆ, ಮತ್ತೊಂದು ಚರ್ಮಕ್ಕೆ ಎಂಬಂತೆ ಫಲಕಗಳಿರುತ್ತವೆ. ಮೂಗಿನ ಮೇಲೆ ಪಟ್ಟಿ ಹಾಕಿಸಿಕೊಂಡವರು ಟೋಪಿ, ಮಾಸ್ಕ್ ಧರಿಸಿ ಅದೇ ಬೀದಿಯ ಕಾಫಿ ಅಂಗಡಿಗಳಲ್ಲಿ ಕುಳಿತಿರುತ್ತಾರೆ, ಅವರನ್ನು ಯಾರೂ ತಿರುಗಿ ನೋಡುವುದಿಲ್ಲ. ನವೆಂಬರಿನಲ್ಲಿ ಸುನುಂಗ್ ಎಂಬ ಕಾಲೇಜು ಪ್ರವೇಶ ಪರೀಕ್ಷೆ ಮುಗಿದ ಕೂಡಲೇ ಪರೀಕ್ಷೆ ಬರೆದವರಿಗೆ ರಿಯಾಯಿತಿ ಘೋಷಿಸುವುದು ಇಲ್ಲಿ ವಾಡಿಕೆಯಾಗಿದೆ. ಕಣ್ಣಿನ ರೆಪ್ಪೆಯ ಮೇಲೆ ಮಡಿಕೆ ಮೂಡಿಸುವ ಸ್ಸಾಂಗ್‌ಕ್ಕೊಪುಲ್ ಶಸ್ತ್ರಚಿಕಿತ್ಸೆಯನ್ನು ತಾಯಂದಿರೇ ಮಕ್ಕಳಿಗೆ ಉಡುಗೊರೆಯಾಗಿ ಮಾಡಿಸುತ್ತಾರೆ. ನನ್ನ ಸಹೋದ್ಯೋಗಿಯೊಬ್ಬಳಿಗೂ ಹಾಗೆಯೇ ಆಗಿದೆ. ನಮ್ಮಲ್ಲಿ ಹಲ್ಲಿಗೆ ತಂತಿ ಹಾಕಿಸಿದ್ದನ್ನು ಹೇಳುವಷ್ಟೇ ಸಹಜವಾಗಿ ಅವಳು ಅದನ್ನು ಹೇಳುತ್ತಾಳೆ. ಅವಳ ಆ ನೆಮ್ಮದಿಯನ್ನು ನಾನು ಗೌರವಿಸುತ್ತೇನೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೆಲ್ಲ ಆತ್ಮವಿಶ್ವಾಸ ಇಲ್ಲದವರು ಎಂದು ಊರಿನಲ್ಲಿ ಕುಳಿತು ತೀರ್ಪು ಕೊಡುವವರು ಇಂಥವರೊಡನೆ ಒಂದು ದಿನ ಮಾತನಾಡಬೇಕು.

ಈ ಕಣ್ಣಿನ ಶಸ್ತ್ರಚಿಕಿತ್ಸೆ ಕೊರಿಯಾದಲ್ಲಿ ಹರಡಿದ ಬಗೆಯನ್ನು ಓದಿದಾಗ ನನಗೆ ವಿಶೇಷವಾಗಿ ಕಂಡದ್ದು ಡೇವಿಡ್ ರಾಲ್ಫ್ ಮಿಲಾರ್ಡ್ ಎಂಬ ಅಮೆರಿಕನ್ ಸರ್ಜನ್ನರ ಪಾತ್ರ. ಕೊರಿಯಾ ಯುದ್ಧ ನಿಂತ ಮೇಲೆ, 1954ರಲ್ಲಿ, ಅಮೆರಿಕದ ಸೇನೆಯೊಂದಿಗೆ ಇಲ್ಲಿಗೆ ಬಂದ ಅವರು ಸುಟ್ಟ ಗಾಯಗಳನ್ನೂ ಹುಟ್ಟಿನಿಂದ ಬಂದ ಸೀಳುತುಟಿಯನ್ನೂ ಸರಿಪಡಿಸುವ ಕೆಲಸ ಮಾಡಿದರು. ಇಂದಿಗೂ ಪ್ರಪಂಚದಾದ್ಯಂತ ಬಳಕೆಯಲ್ಲಿರುವ ಸೀಳುತುಟಿ ಚಿಕಿತ್ಸೆಯ ಒಂದು ವಿಧಾನವನ್ನು ಅವರು ರೂಪಿಸಿದ್ದು ಆ ಕಾಲದಲ್ಲಿಯೇ. ಏಷ್ಯಾದವರ ಕಣ್ಣನ್ನು ಪಾಶ್ಚಾತ್ಯರ ಕಣ್ಣಿನಂತೆ ಮಾಡುವ ಶಸ್ತ್ರಚಿಕಿತ್ಸೆಯನ್ನು ಇಲ್ಲಿ ಕೈಗೊಂಡವರೂ ಅವರೇ. ತಾಯಿಯ ಹಾಲು ಕುಡಿಯಲಾರದ ಮಗುವಿನ ತುಟಿಯನ್ನು ಕೂಡಿಸಿದ ಕೈ, ಯಾವ ಊನವೂ ಇಲ್ಲದ ಕಣ್ಣನ್ನೂ ತಿದ್ದಿತು. ಚಿಕಿತ್ಸೆ ಎಲ್ಲಿ ಮುಗಿದು ಅಲಂಕಾರ ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆ ಈ ವೃತ್ತಿಯ ಒಡಲಿನಲ್ಲೇ ಇದೆ.

ಮೂಗಿನ ವಿಷಯದಲ್ಲಂತೂ ಈ ಚರಿತ್ರೆ ನಮ್ಮ ಮೈಸೂರಿನವರೆಗೂ ಬರುತ್ತದೆ. ಮೂರನೆಯ ಮೈಸೂರು ಯುದ್ಧದ ಸಮಯದಲ್ಲಿ, 1792ರಲ್ಲಿ, ಇಂಗ್ಲಿಷರ ಸೈನ್ಯದಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್‌ಜಿ ಎಂಬಾತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಆಮೇಲೆ ಮರಾಠಾ ಪ್ರಾಂತ್ಯದ ವೈದ್ಯನೊಬ್ಬ ಹಣೆಯ ಚರ್ಮವನ್ನು ಇಳಿಬಿಟ್ಟು ಅವನಿಗೆ ಹೊಸ ಮೂಗನ್ನು ಮಾಡಿಕೊಟ್ಟ ವಿವರ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ಸರ್ಜನ್ ಅದೇ ವಿಧಾನವನ್ನು ಇಂಗ್ಲೆಂಡಿನಲ್ಲಿ ಪ್ರಯೋಗಿಸಿ 1816ರಲ್ಲಿ ಪ್ರಕಟಿಸಿದ ಮೇಲೆ ಯುರೋಪಿನಲ್ಲಿ ಮೂಗಿನ ಶಸ್ತ್ರಚಿಕಿತ್ಸೆ ಮತ್ತೆ ಬೇರೂರಿತು. ಶತ್ರುವನ್ನು ಅವಮಾನಿಸಲು ಮೂಗು ಕೊಯ್ಯುತ್ತಿದ್ದ ಕಾಲದಲ್ಲಿ ಮೂಗನ್ನು ಮರಳಿ ಪಡೆಯುವುದೆಂದರೆ ನಾಲ್ಕು ಜನರ ನಡುವೆ ಮುಖವೆತ್ತಿ ನಡೆಯುವ ಹಕ್ಕನ್ನು ಮರಳಿ ಪಡೆದಂತೆ. ಇದನ್ನು ನೆನೆದಾಗ ಮುಖವನ್ನು ತಿದ್ದಿಸಿಕೊಳ್ಳುವ ಆಸೆಯನ್ನು ಬರಿಯ ಚಪಲ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು ನನ್ನ ಮೂಗಿನ ವಿಷಯ. ಕಾಲೇಜಿನ ದಿನಗಳಲ್ಲಿ ಸ್ಕೂಟರಿನಿಂದ ಬಿದ್ದು ಅದರ ಮೂಳೆ ಮುರಿದಿತ್ತು. ಅದು ಕೂಡಿಕೊಂಡಾಗ ನಡುವೆ ಒಂದು ಉಬ್ಬು ಉಳಿಯಿತು, ತುದಿ ಸ್ವಲ್ಪ ಎಡಕ್ಕೆ ವಾಲಿತು, ಒಂದು ಹೊಳ್ಳೆಯಲ್ಲಿ ಉಸಿರಾಟ ಎಂದಿಗೂ ಸರಾಗವಾಗಲಿಲ್ಲ. ಹೆಣ್ಣು ನೋಡಲು ಬಂದವರು ಹೋದ ಮೇಲೆ ಮನೆಯಲ್ಲಿ ನಡೆಯುತ್ತಿದ್ದ ತಗ್ಗಿದ ದನಿಯ ಮಾತುಗಳಲ್ಲಿ ಈ ಮೂಗು ಹಲವು ಸಲ ಬಂದಿದೆ. ಕೊರಿಯಾಕ್ಕೆ ಬಂದ ಮೇಲೆ ನನಗೆ ಅತ್ಯಂತ ಅಚ್ಚರಿಯನ್ನುಂಟು ಮಾಡಿದ್ದೆಂದರೆ ಇದೇ ಮೂಗನ್ನು ಇಲ್ಲಿನವರು ಹೊಗಳಿದ್ದು. ಎತ್ತರದ ಮೂಗು ಇಲ್ಲಿ ಅಪೇಕ್ಷಣೀಯ. ದೊಡ್ಡ ಕಣ್ಣು, ಸಣ್ಣ ಮುಖ, ಎದ್ದು ಕಾಣುವ ಮೂಗಿನ ಗೆರೆ ಎಂದು ಲಿಫ್ಟಿನಲ್ಲಿ ಭೇಟಿಯಾದ ಅಪರಿಚಿತ ಹಿರಿಯ ಮಹಿಳೆ ಕೂಡ ಸಂಕೋಚವಿಲ್ಲದೆ ಹೇಳುತ್ತಾರೆ. ಒಂದು ಊರಿನಲ್ಲಿ ಕೊರತೆ ಎನಿಸಿಕೊಂಡದ್ದು ಇನ್ನೊಂದು ಊರಿನಲ್ಲಿ ಸಂಪತ್ತು ಎನಿಸಿಕೊಂಡರೆ, ತೀರ್ಪು ಮೂಗಿನ ಮೇಲಿನದಲ್ಲ, ನೋಡುವವರ ಅಭ್ಯಾಸದ್ದು ಎಂದು ಬುದ್ಧಿಗೆ ಕೂಡಲೇ ತಿಳಿಯಿತು. ಮನಸ್ಸು ಮಾತ್ರ ಅಷ್ಟು ಸುಲಭವಾಗಿ ಒಪ್ಪಲಿಲ್ಲ. ವಾರದಲ್ಲಿ ಹಲವು ಸಲ ಆ ಬೀದಿಗಳಲ್ಲಿ ನಡೆದಾಡುವಾಗ, ಇಷ್ಟು ಸುಲಭವಾಗಿ ತಿದ್ದಬಹುದಾದದ್ದನ್ನು ತಿದ್ದದೆ ಬಿಡುವುದೇ ಅಶ್ರದ್ಧೆ ಎಂಬ ಭಾವನೆ ಮೆಲ್ಲಗೆ ಬೆಳೆಯುತ್ತದೆ. ಕೊನೆಗೆ ನಾನೂ ಸಮಾಲೋಚನೆಗೆ ಹೋದೆ.

ಅಲ್ಲಿ ಮೊದಲು ಮುಖದ ಎಲ್ಲ ಕೋನಗಳಿಂದ ಚಿತ್ರ ತೆಗೆದರು. ಬಳಿಕ ನನ್ನೊಡನೆ ಹೆಚ್ಚು ಹೊತ್ತು ಮಾತನಾಡಿದವರು ವೈದ್ಯರಲ್ಲ, ಸಾಂಗ್ಡಾಮ್ ಸಿಲ್ಜಾಂಗ್ ಎಂದು ಇಲ್ಲಿ ಕರೆಯುವ ಸಮಾಲೋಚನಾ ವ್ಯವಸ್ಥಾಪಕಿ. ಬೆಲೆ, ರಿಯಾಯಿತಿ, ದಿನಾಂಕ ಎಲ್ಲವೂ ಅವರ ಕೈಯಲ್ಲಿರುತ್ತವೆ. ಸರ್ಜನ್ ಬಂದು ನೋಡಿ, ಉಬ್ಬನ್ನು ಉಜ್ಜಿ ತೆಗೆಯಬಹುದು, ಕಿವಿಯ ಮೃದ್ವಸ್ಥಿಯಿಂದ, ಅಂದರೆ ಮೆದು ಎಲುಬಿನಿಂದ, ತುದಿಯನ್ನು ಎತ್ತಬಹುದು ಎಂದು ವಿವರಿಸಿ ಹೊರಟುಹೋದರು. ನಾನು ಕೇಳದೇ ಇದ್ದ ದವಡೆಯ ವಿಷಯವೂ ಪ್ರಸ್ತಾಪವಾಯಿತು. ಅದೇ ದಿನ ಮುಂಗಡ ಕೊಟ್ಟರೆ ಬೆಲೆ ಇಳಿಯುತ್ತದೆ ಎಂದರು. ಅಲ್ಲಿದ್ದವರೆಲ್ಲ ಸೌಜನ್ಯದಿಂದಲೇ ನಡೆದುಕೊಂಡರು, ಆದರೆ ಇಡೀ ವ್ಯವಸ್ಥೆ ನಿರ್ಧಾರವನ್ನು ಅಂದೇ ಮಾಡಿಸಲು ಕಟ್ಟಿದ್ದಾಗಿತ್ತು. ಜೀವಮಾನವಿಡೀ ಉಳಿಯುವ ಬದಲಾವಣೆಗೆ ಅಂದಿನ ಮಟ್ಟಿಗೆ ಮಾತ್ರ ಇರುವ ಬೆಲೆ ಯಾಕೆ ಬೇಕು ಎಂದು ನಾನು ಇಂದಿಗೂ ಕೇಳಿಕೊಳ್ಳುತ್ತೇನೆ.

ಇಲ್ಲಿಗೆ ಬರಬೇಕೆನ್ನುವವರು ತಿಳಿದಿರಬೇಕಾದ ಒಂದು ಮುಖ್ಯ ಸಂಗತಿ ಇದೆ. ಕೊರಿಯಾದ ಸರ್ಜನ್ನರ ಕೈಚಳಕದ ಬಗ್ಗೆ ಎರಡು ಮಾತಿಲ್ಲ, ಆದರೆ ಆ ಕೈ ಪಳಗಿರುವುದು ಹೆಚ್ಚಾಗಿ ಕೊರಿಯನ್ನರ ಮುಖದ ಮೇಲೆ. ಇಲ್ಲಿ ಮೂಗಿನ ಶಸ್ತ್ರಚಿಕಿತ್ಸೆ ಎಂದರೆ ಬಹುಪಾಲು ಸಿಲಿಕೋನ್ ಅಥವಾ ಪಕ್ಕೆಲುಬಿನ ಮೃದ್ವಸ್ಥಿ ಇಟ್ಟು ಮೂಗನ್ನು ಎತ್ತರಿಸುವುದು. ನಮ್ಮವರಿಗೆ ಸಾಮಾನ್ಯವಾಗಿ ಬೇಕಾಗುವುದು ಉಬ್ಬನ್ನು ಇಳಿಸುವುದು, ತುದಿಯನ್ನು ಕಿರಿದಾಗಿಸುವುದು, ಅಂದರೆ ಬಹುಮಟ್ಟಿಗೆ ಅದರ ವಿರುದ್ಧ ದಿಕ್ಕಿನ ಕೆಲಸ. ನಮ್ಮ ಕಂದು ಚರ್ಮದಲ್ಲಿ ಗಾಯ ವಾಸಿಯಾದ ಮೇಲೆ ಕಪ್ಪು ಕಲೆ ಉಳಿಯುವ, ಗಾಯದ ಗುರುತು ದಪ್ಪಗಾಗುವ ಸಂಭವವೂ ಹೆಚ್ಚು. ಅದಲ್ಲದೆ ಮೂಗಿನ ಊತ ಪೂರ್ತಿ ಇಳಿದು ನಿಜವಾದ ಆಕಾರ ಕಾಣಲು ಒಂದು ವರ್ಷ ಹಿಡಿಯುತ್ತದೆ. ಪಟ್ಟಿ ಬಿಚ್ಚಿದ ವಾರದಲ್ಲೇ ವಿಮಾನ ಹತ್ತಿ ಹೋದವರಿಗೆ ಆರನೆಯ ತಿಂಗಳಲ್ಲಿ ತೊಂದರೆ ಕಾಣಿಸಿಕೊಂಡರೆ ನೋಡುವವರು ಯಾರು? ಪದೇ ಪದೇ ಶಸ್ತ್ರಚಿಕಿತ್ಸೆಯಾಗಿಯೋ ಸೋಂಕು ತಗುಲಿಯೋ ಒಳಗೆಲ್ಲ ಬಿಗಿದು ಮೇಲಕ್ಕೆ ಎಳೆದುಕೊಂಡ ಮೂಗಿಗೆ ಇಲ್ಲಿ ಗುಚುಕ್‌ಖೋ ಎಂಬ ಪ್ರತ್ಯೇಕ ಹೆಸರೇ ಇದೆ, ಅದನ್ನು ಸರಿಪಡಿಸುವುದನ್ನೇ ಮುಖ್ಯವಾಗಿಸಿಕೊಂಡ ವೈದ್ಯರೂ ಇದ್ದಾರೆ.

ಶಸ್ತ್ರಚಿಕಿತ್ಸೆ ಮಾಡುವವರು ಯಾರು ಎಂಬುದೂ ಇಲ್ಲಿ ಕಹಿಯಾದ ಪ್ರಶ್ನೆ. ಸಮಾಲೋಚನೆಯಲ್ಲಿ ಕಂಡ ಸರ್ಜನ್ ಒಬ್ಬರು, ಅರಿವಳಿಕೆ ಕೊಟ್ಟ ಮೇಲೆ ಕತ್ತರಿ ಹಿಡಿದವರು ಇನ್ನೊಬ್ಬರು ಎಂಬ ಪ್ರಕರಣಗಳು ಬೆಳಕಿಗೆ ಬಂದಿವೆ. 2016ರಲ್ಲಿ ಕ್ವೋನ್ ದೇ ಹೀ ಎಂಬ ವಿದ್ಯಾರ್ಥಿ ದವಡೆಯ ಶಸ್ತ್ರಚಿಕಿತ್ಸೆಯಲ್ಲಿ ವಿಪರೀತ ರಕ್ತಸ್ರಾವವಾಗಿ ಕೆಲವು ವಾರಗಳ ಬಳಿಕ ತೀರಿಕೊಂಡ. ಅವನ ತಾಯಿ ಶಸ್ತ್ರಚಿಕಿತ್ಸಾ ಕೊಠಡಿಯ ಕ್ಯಾಮೆರಾ ದೃಶ್ಯಗಳನ್ನು ಮತ್ತೆ ಮತ್ತೆ ನೋಡಿ, ಯಾರು ಯಾವಾಗ ಬಂದರು, ಯಾವಾಗ ಹೊರಟುಹೋದರು ಎಂಬುದನ್ನು ದಾಖಲಿಸಿ ನ್ಯಾಯಾಲಯದವರೆಗೂ ಹೋರಾಡಿದರು. ಇಂಥ ಹೋರಾಟಗಳ ಫಲವಾಗಿ, ಪ್ರಜ್ಞೆ ತಪ್ಪಿಸಿ ಮಾಡುವ ಶಸ್ತ್ರಚಿಕಿತ್ಸೆಯ ಕೊಠಡಿಗಳಲ್ಲಿ ಕ್ಯಾಮೆರಾ ಕಡ್ಡಾಯಗೊಳಿಸುವ ಕಾನೂನು 2021ರಲ್ಲಿ ಅಂಗೀಕಾರವಾಗಿ 2023ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ರೋಗಿ ಕೇಳಿದರೆ ಚಿತ್ರೀಕರಿಸಬೇಕು, ದೃಶ್ಯವನ್ನು ಕನಿಷ್ಠ 30 ದಿನ ಇಟ್ಟಿರಬೇಕು. ಕೇಳದಿದ್ದರೆ ಚಿತ್ರೀಕರಣ ಆಗಬೇಕೆಂದೇನೂ ಇಲ್ಲ, ಆದ್ದರಿಂದ ಬರುವವರು ಕೇಳಲೇಬೇಕು. ಫಲಕವನ್ನು ಓದುವುದನ್ನೂ ಕಲಿಯಬೇಕು. ಪ್ಲಾಸ್ಟಿಕ್ ಸರ್ಜರಿಯಲ್ಲಿ ತಜ್ಞ ಅರ್ಹತೆ ಪಡೆದವರು ಮಾತ್ರ, ಪ್ಲಾಸ್ಟಿಕ್ ಸರ್ಜರಿ ಎಂದು ಅರ್ಥ ಕೊಡುವ ಸೊಂಗ್‌ಹ್ಯೊಂಗ್ ವೇಗ್ವಾ ಎಂಬ ಪದವನ್ನು ಚಿಕಿತ್ಸಾಲಯದ ಹೆಸರಿನಲ್ಲೇ ಸೇರಿಸಿಕೊಳ್ಳಬಹುದು. ಬೇರೆ ವೈದ್ಯರು ಅದನ್ನು ತಾವು ನೀಡುವ ಚಿಕಿತ್ಸೆಯ ವಿಭಾಗವೆಂದು ಪ್ರತ್ಯೇಕವಾಗಿ ಬರೆಯಬೇಕು. ಕೊರಿಯನ್ ಲಿಪಿ ಬಾರದವರಿಗೆ ಈ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ.

ನನ್ನ ನಿರ್ಧಾರಕ್ಕೆ ಒಂದು ಸುಳಿವು ಸಿಕ್ಕಿದ್ದು ವಿಚಿತ್ರವೆನಿಸುವಂತೆ ತೆರಿಗೆಯ ನಿಯಮದಿಂದ. ಕೊರಿಯಾ ಸರಕಾರ 2011ರಿಂದ ಕೆಲವು ಸೌಂದರ್ಯ ಶಸ್ತ್ರಚಿಕಿತ್ಸೆಗಳ ಮೇಲೆ ಶೇಕಡಾ 10ರ ಮೌಲ್ಯವರ್ಧಿತ ತೆರಿಗೆ ಹಾಕಿ, 2014ರಲ್ಲಿ ಅದನ್ನು ಇನ್ನಷ್ಟು ವಿಸ್ತರಿಸಿತು. ಚಿಕಿತ್ಸೆಗೆಂದು ಮಾಡುವುದಕ್ಕೆ ಆ ತೆರಿಗೆ ಇಲ್ಲ, ರಾಷ್ಟ್ರೀಯ ಆರೋಗ್ಯ ವಿಮೆಯ ನೆರವೂ ಉಂಟು. ನನ್ನ ಮೂಗಿನಲ್ಲಿ ಈ ಗೆರೆ ಎಲ್ಲಿ ಬೀಳುತ್ತದೆ ಎಂದು ತಿಳಿಯಲು ಸಾರ್ವಜನಿಕ ಆಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗಕ್ಕೆ ಹೋದೆ. ಅಲ್ಲಿನ ವೈದ್ಯರು ಒಳಗಿನ ನಡುಗೋಡೆ ಬಾಗಿರುವುದನ್ನು ತೋರಿಸಿ, ಅದನ್ನು ನೇರಗೊಳಿಸಿದರೆ ಉಸಿರಾಟ ಸರಿಹೋಗುತ್ತದೆ, ಹೊರಗಿನ ಆಕಾರ ಬದಲಾಗುವುದಿಲ್ಲ ಎಂದರು. ಆ ಮಾತು ನನ್ನ ಎರಡು ಆಸೆಗಳನ್ನು ಬೇರ್ಪಡಿಸಿತು. ಉಸಿರಾಟದ ತೊಂದರೆ ಊರಿನಲ್ಲಿದ್ದಾಗಲೂ ಇತ್ತು, ಇಲ್ಲಿಯೂ ಇತ್ತು, ಯಾರು ನೋಡಲಿ ಬಿಡಲಿ ರಾತ್ರಿ ಮಲಗಿದಾಗ ಇತ್ತು. ಉಬ್ಬನ್ನು ತೆಗೆಸುವ ಆಸೆ ಹಾಗಿರಲಿಲ್ಲ. ರಜೆಯಲ್ಲಿ ಹಾಸನಕ್ಕೆ ಹೋಗಿ ಅಕ್ಕಂದಿರ ನಡುವೆ ಕುಳಿತಾಗ ಅದು ಸಂಪೂರ್ಣ ಮರೆತುಹೋಗುತ್ತಿತ್ತು, ಶಿನ್ಸಾ ನಿಲ್ದಾಣದ ಮೆಟ್ಟಿಲು ಹತ್ತುವಾಗ ಮರಳಿ ಬರುತ್ತಿತ್ತು. ಜಾಗ ಬದಲಾದಂತೆ ಬಂದು ಹೋಗುವ ಆಸೆಗಾಗಿ ಮರಳಿ ಪಡೆಯಲಾಗದ ಮೂಳೆಯನ್ನು ಕೊಡಲಾರೆ ಎಂದು ತೀರ್ಮಾನಿಸಿ ನಡುಗೋಡೆಯನ್ನು ಮಾತ್ರ ಸರಿಪಡಿಸಿಕೊಂಡೆ. ಈಗ ಎರಡೂ ಹೊಳ್ಳೆಗಳಿಂದ ಉಸಿರಾಡುತ್ತೇನೆ. ಉಬ್ಬು ಇದ್ದಲ್ಲಿಯೇ ಇದೆ.

ಇದು ಎಲ್ಲರಿಗೂ ಒಪ್ಪುವ ತೀರ್ಮಾನ ಎಂದು ನಾನು ಹೇಳುವುದಿಲ್ಲ. ಇಲ್ಲಿ ಉದ್ಯೋಗದ ಅರ್ಜಿಗೆ ಭಾವಚಿತ್ರ ಅಂಟಿಸುವ ಪದ್ಧತಿ ಬಹುಕಾಲದಿಂದ ಇದೆ. 2017ರಲ್ಲಿ ಸರಕಾರಿ ವಲಯದ ನೇಮಕಾತಿಯಿಂದ ಅದನ್ನು ಕೈಬಿಟ್ಟರು. 2019ರ ತಿದ್ದುಪಡಿಯ ಪ್ರಕಾರ ಕೆಲಸಕ್ಕೆ ಸಂಬಂಧಿಸದ ರೂಪ, ಎತ್ತರ, ತೂಕವನ್ನು ಕೇಳುವಂತಿಲ್ಲ. ಕಾನೂನು ಬೇಕಾಯಿತು ಎಂಬುದೇ ಮುಖಕ್ಕೆ ಇಲ್ಲಿ ಎಷ್ಟು ಬೆಲೆ ಇತ್ತೆಂಬುದನ್ನು ಹೇಳುತ್ತದೆ. ಅಂಥ ಕಡೆ ಬದುಕು ಕಟ್ಟಿಕೊಳ್ಳಬೇಕಾದ ಇಪ್ಪತ್ತೆರಡರ ಹುಡುಗಿಯ ಲೆಕ್ಕಾಚಾರ, ಹೊರಗಿನಿಂದ ಬಂದ ನನ್ನ ಲೆಕ್ಕಾಚಾರದಂತೆ ಇರಲಾರದು. 2018ರ ಸುಮಾರಿಗೆ ಕೂದಲು ಕತ್ತರಿಸಿಕೊಂಡು, ಪ್ರಸಾಧನಗಳನ್ನು ಒಡೆದುಹಾಕಿ ಹೆಣ್ಣಿನ ಸೌಂದರ್ಯದ ಕಟ್ಟುಪಾಡುಗಳ ವಿರುದ್ಧ ತಾಲ್‌ಕೊರ್ಸೆಟ್ ಎಂಬ ಪ್ರತಿಭಟನೆ ಹೂಡಿದ ಯುವತಿಯರೂ ಇದೇ ನಾಡಿನವರು. ನನ್ನ ಮನಸ್ಸು ಅವರ ಕಡೆಗಿದೆ.

ನಮ್ಮ ಹುಡುಗಿಯ ವಿಷಯಕ್ಕೆ ಬಂದರೆ, ಅವಳ ಸಂದೇಶದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಾಲೊಂದಿತ್ತು. ಒಂದು ಸಂಬಂಧ ಮುರಿದುಬಿದ್ದಿದೆ, ಮೂಗೇ ಕಾರಣವಂತೆ, ಮುಂದಿನವರು ಬರುವುದರೊಳಗೆ ಆಗಬೇಕು ಎಂದು ಬರೆದಿದ್ದಳು. ನಾನು ಆಸ್ಪತ್ರೆಯ ಹೆಸರನ್ನು ಕೊಡಲಿಲ್ಲ. ಆ ಮಾತನ್ನು ನಿನಗೆ ಮೊದಲು ಹೇಳಿದವರು ಯಾರು, ಅದಕ್ಕೂ ಮುಂಚೆ ನಿನಗೆ ಈ ಮೂಗಿನಿಂದ ಬೇಸರವಾಗಿತ್ತೇ, ಶಸ್ತ್ರಚಿಕಿತ್ಸೆಯ ಬಳಿಕ ಬರುವ ವರ ನಿನ್ನ ಬಣ್ಣವನ್ನೋ ಎತ್ತರವನ್ನೋ ಕಾರಣವಾಗಿ ಹೇಳಿದರೆ ಏನು ಮಾಡುತ್ತೀ ಎಂದು ಕೇಳಿದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾಗಿ 21ನೆಯ ವಯಸ್ಸಿನಲ್ಲೇ ತೀರಿಕೊಂಡ ಕಿರುತೆರೆ ನಟಿ ಚೇತನಾ ರಾಜ್ ಅವರನ್ನು ನೆನಪಿಸಿದೆ, ಹೆದರಿಸಲು ಅಲ್ಲ, ಇದು ಅಂಗಡಿಯಲ್ಲಿ ಕೊಳ್ಳುವ ವಸ್ತುವಲ್ಲ ಎಂದು ತಿಳಿಯಲಿ ಎಂದು. ಮದುವೆಯ ಮಾತುಕತೆಗಳನ್ನೆಲ್ಲ ಬದಿಗಿಟ್ಟು ಒಂದು ವರ್ಷ ಕಾಯಲು ಕೇಳಿಕೊಂಡಿದ್ದೇನೆ. ಆಗಲೂ ಈ ಆಸೆ ಹೀಗೆಯೇ ಉಳಿದಿದ್ದರೆ ಅದು ಅವಳದೇ ಆಸೆ. ಆಗ ಅವಳು ಸೋಲ್‌ಗೆ ಬರಬೇಕಾಗಿಲ್ಲ. ನಮ್ಮವರ ಮೂಗುಗಳನ್ನೇ ನೋಡಿ ಅನುಭವ ಪಡೆದ, ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪದವಿ ಇರುವ ಸರ್ಜನ್ನರು ಬೆಂಗಳೂರಿನಲ್ಲಿಯೇ ಇದ್ದಾರೆ. ಒಬ್ಬರಲ್ಲ, ಇಬ್ಬರು ಬೇರೆ ಬೇರೆ ವೈದ್ಯರನ್ನು ಕಂಡು, ಅಂದೇ ಮುಂಗಡ ಕೊಡದೆ ಮನೆಗೆ ಬಂದು ಯೋಚಿಸುವುದಾದರೆ, ಆ ಎರಡು ಸಮಾಲೋಚನೆಗಳಿಗೂ ರಜೆ ಹಾಕಿ ಬಂದು ಅವಳ ಪಕ್ಕದಲ್ಲಿ ಕೂರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.