ತಲಕಾವೇರಿಯ ಇಳಿಜಾರಲ್ಲಿ ಸೈಕಲ್: ಹೊರಡುವ ಮೊದಲು ಇಷ್ಟು ಓದಿ

ಮಡಿಕೇರಿಯಲ್ಲಿ ಬಾಡಿಗೆ ಸೈಕಲ್ ತಗೊಳ್ಳುವಾಗ ಗೇರ್ ಎಷ್ಟು ಅಂತ ಕೇಳಬೇಡಿ, ಬ್ರೇಕ್ ಹಿಡಿದು ನೋಡಿ. ನಮಗೆ ಕೊಟ್ಟ ಸೈಕಲ್‌ಗಳು ಫಳಫಳ ಹೊಳೆಯುತ್ತಿದ್ದವು, ಬಾಡಿಗೆಯೂ ಜಾಸ್ತಿ. ಆದರೆ ಒಂದರ ಹಿಂದಿನ ಬ್ರೇಕನ್ನು ಪೂರ್ತಿ ಒತ್ತಿದರೂ ಚಕ್ರ ತಿರುಗುತ್ತಲೇ ಇತ್ತು. "ಮುಂದಿನದು ಹಾಕಿ ಸಾರ್, ಸಾಕು" ಅಂದರು ಅಂಗಡಿಯವರು. ಕಡಿದಾದ ಇಳಿಜಾರಲ್ಲಿ ಮುಂದಿನ ಬ್ರೇಕ್ ಒಂದನ್ನೇ ಗಟ್ಟಿಯಾಗಿ ಹಿಡಿದರೆ ಹ್ಯಾಂಡಲ್ ಮೇಲಿಂದ ಹಾರಿ ಬೀಳುವುದೇ ಗತಿ. ಜಗಳವಾಡಿ ಪ್ಯಾಡ್ ಬದಲಿಸುವಷ್ಟರಲ್ಲಿ ಬೆಳಗಿನ ತಂಪು ಮುಗಿದಿತ್ತು. ಮುಂಗಡ ಕೊಡುವ ಮೊದಲೇ ಹತ್ತಿರದ ಯಾವುದಾದರೂ ಇಳಿಜಾರಲ್ಲಿ ಓಡಿಸಿ ನೋಡಿ.

ಭಾಗಮಂಡಲದಿಂದ ತಲಕಾವೇರಿಗೆ 8 ಕಿ.ಮೀ. ಹತ್ತುವಾಗ ಬೆವರು ಇಳಿಯುತ್ತದೆ, ಅಷ್ಟೇ. ಅಪಾಯ ಇರುವುದು ವಾಪಸ್ ಬರುವಾಗ. ಬ್ರೇಕನ್ನು ಒಂದೇ ಸಮ ಒತ್ತಿ ಹಿಡಿಯಬೇಡಿ, ಬಿಸಿಯಾಗಿ ಹಿಡಿತ ಹೋಗುತ್ತದೆ. ಎರಡನ್ನೂ ಒತ್ತಿ, ಬಿಟ್ಟು, ಮತ್ತೆ ಒತ್ತಿ. ವೇಗ ತಗ್ಗಿಸುವುದು ತಿರುವಿಗೆ ಮೊದಲೇ, ತಿರುವಿನ ಒಳಗೆ ಅಲ್ಲ. ತಿರುಗುವಾಗ ಹೊರಗಡೆಯ ಪೆಡಲ್ ಕೆಳಗಿರಲಿ, ಮೈಭಾರ ಸ್ವಲ್ಪ ಹಿಂದಕ್ಕಿರಲಿ.

ಕಿರಿದಾದ ಬೆಟ್ಟದ ರಸ್ತೆಯಲ್ಲಿ ಹತ್ತುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು ಅನ್ನುವುದು ಸಂಚಾರ ನಿಯಮ. ಬಸ್ಸು ಏದುಸಿರು ಬಿಡುತ್ತಾ ಬರುತ್ತಿದ್ದರೆ ಬದಿಗೆ ನಿಂತುಬಿಡಿ, ಏನೂ ಕಳೆದುಕೊಳ್ಳುವುದಿಲ್ಲ. ಹಿಮದ ಇಳಿಜಾರಲ್ಲಿ ಸ್ಕೀ ಬೈಕ್ (ಚಕ್ರದ ಬದಲು ಜಾರುವ ಹಲಗೆ ಇರುವ ಸೈಕಲ್) ಓಡಿಸುವವರಿಗೂ ಮೊದಲ ಪಾಠ ಇದೇ ಬಗೆಯದು: ಕೆಳಗೆ, ಮುಂದೆ ಇರುವವರಿಗೆ ತೊಂದರೆಯಾಗದಂತೆ ಮೇಲಿನಿಂದ ಬರುವವರೇ ನೋಡಿಕೊಳ್ಳಬೇಕು. ನಮ್ಮಲ್ಲಿ ಕೆಲವರು ಬೆಲ್ ಬಾರಿಸಿದರೆ ರಸ್ತೆಯೇ ತಮ್ಮದು ಅಂದುಕೊಳ್ಳುತ್ತಾರೆ! ತೋಟದ ಕೆಲಸಕ್ಕೆ ರಸ್ತೆ ಅಂಚಿನಲ್ಲಿ ನಡೆದು ಹೋಗುವವರಿಗೆ ದೂರದಿಂದಲೇ ಒಮ್ಮೆ ಬೆಲ್ ಮಾಡಿ, ನಿಧಾನವಾಗಿ ದಾಟಿ. ಫೋಟೋ ತೆಗೆಯಲು ತಿರುವಿನಲ್ಲಿ ನಿಲ್ಲಬೇಡಿ.

ಊಟಕ್ಕೆ ಭಾಗಮಂಡಲದಲ್ಲಿ ಬೋರ್ಡು ಸಹ ಇಲ್ಲದ ಒಂದು ಪುಟ್ಟ ಹೋಟೆಲ್ ಸಿಕ್ಕಿತು. ಅಕ್ಕಿ ರೊಟ್ಟಿ, ಜೊತೆಗೆ ಕುಂಬಳಕಾಯಿ ಪಲ್ಯ. ರೊಟ್ಟಿ ಕಾವಲಿಯಿಂದ ನೇರ ತಟ್ಟೆಗೆ ಬರುತ್ತಿತ್ತು, ಅಂಚು ಗರಿಗರಿ, ನಡುವೆ ಮೆತ್ತಗೆ. ಕೇಳದಿದ್ದರೂ ಒಂದು ಚಮಚ ಬೆಣ್ಣೆ ಹಾಕಿದರು. ಕಡುಬು ಉಳಿದಿದೆ ಅಂತ ಅದನ್ನೂ ಬಡಿಸಿದರು. ಕೊನೆಗೆ ಬೆಲ್ಲದ ಕರಿ ಕಾಫಿ. ಇಬ್ಬರ ಬಿಲ್ಲು ಮಡಿಕೇರಿಯ ನಮ್ಮ ರೂಮಿನವರು ಒಂದು ಆಮ್ಲೆಟ್‌ಗೆ ಹಾಕಿದ್ದಕ್ಕಿಂತ ಕಡಿಮೆ. ಮಧ್ಯಾಹ್ನ ಒಂದರೊಳಗೆ ಹೋಗಿ, ಆಮೇಲೆ ರೊಟ್ಟಿ ಮುಗಿದಿರುತ್ತದೆ.

ಮಳೆಗಾಲದಲ್ಲಿ ಈ ರಸ್ತೆ ಬೇಡವೇ ಬೇಡ. ಪಾಚಿ, ಕೊಳೆತ ಎಲೆ, ಕೆಸರು ಒಂದು ಕಡೆ, ಗುಡ್ಡ ಕುಸಿಯುವ ಭಯ ಇನ್ನೊಂದು ಕಡೆ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲೇ ಬೆಟ್ಟ ಕುಸಿದು ಜೀವಗಳು ಹೋಗಿವೆ. ತುಲಾ ಸಂಕ್ರಮಣದ ಹೊತ್ತಿಗೆ, ಅಂದರೆ ಅಕ್ಟೋಬರ್ 17ರ ಆಸುಪಾಸು, ತೀರ್ಥೋದ್ಭವಕ್ಕೆ ಜನಸಾಗರವೇ ಬರುತ್ತದೆ. ದೇವರ ದರ್ಶನಕ್ಕೆ ಹೋಗಿ, ಸೈಕಲ್ ಮಾತ್ರ ಬೇಡ. ನನಗೆ ಜನಜಂಗುಳಿ ಆಗುವುದಿಲ್ಲ, ಅದಕ್ಕೇ ನವೆಂಬರ್ ಮುಗಿದ ಮೇಲಿನ ವಾರದ ದಿನಗಳನ್ನೇ ಹೇಳುತ್ತೇನೆ. ಆಗ ಕಾಫಿ ಕೊಯ್ಲು ನಡೆಯುತ್ತಿರುತ್ತದೆ, ಪಿಕಪ್ ಗಾಡಿಗಳ ಓಡಾಟ ಜಾಸ್ತಿ.

ಮಡಿಕೇರಿ ಹತ್ತಿರದ ಬೆಟ್ಟ ಮಾಂದಲಪಟ್ಟಿಗೂ ಸೈಕಲ್ ಒಯ್ಯೋಣ ಅಂದುಕೊಂಡಿದ್ದೆವು. ಆ ಕಲ್ಲುದಾರಿಯಲ್ಲಿ ಜೀಪುಗಳ ಸಾಲು ಮತ್ತು ಧೂಳು ನೋಡಿ ಅರ್ಧದಲ್ಲೇ ತಿರುಗಿ ಬಂದೆವು.