ಆರೈಕೆ ಕೇಂದ್ರ ನೋಡಲು ಹೋದರೆ ಮೊದಲು ಬಚ್ಚಲು ನೋಡಿ

ಹಿರಿಯರ ಆರೈಕೆ ಕೇಂದ್ರದವರು ಮೊದಲು ತೋರಿಸುವುದು ಟಿವಿ ಹಾಲ್, ತೋಟ. ಅದಿರಲಿ, ನೀವು ಬಚ್ಚಲಿಗೆ ನಡೆಯಿರಿ. ವೀಲ್‌ಚೇರ್ ಸಲೀಸಾಗಿ ಹೋಗಲು ಬಾಗಿಲು 90 ಸೆಂಟಿಮೀಟರ್ ಅಗಲ ಬೇಕು, ತಿರುಗಿಸಲು ಒಳಗೆ ಒಂದೂವರೆ ಮೀಟರ್ ಜಾಗ. ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ಬೇಡ: ಬಿದ್ದವರೇ ಅಡ್ಡವಾದರೆ ಹೊರಗಿನಿಂದ ತಳ್ಳಲಾಗದು. ಕಮೋಡ್ ಪಕ್ಕದ ಹಿಡಿಕೆಯನ್ನು ಜೋರಾಗಿ ಎಳೆದು ನೋಡಿ. ಟವೆಲ್ ರಾಡನ್ನೇ ಹಿಡಿಕೆ ಅಂತ ಹಾಕಿರುವುದುಂಟು, ಮೈಭಾರ ಬಿದ್ದರೆ ಕಿತ್ತು ಬರುತ್ತದೆ. ಕರೆಗಂಟೆಯ ದಾರ ನೆಲದ ಹತ್ತಿರದವರೆಗೂ ಇಳಿದಿರಬೇಕು. ಎಳೆದು, ಎಷ್ಟು ಹೊತ್ತಿಗೆ ಬರುತ್ತಾರೆ ನೋಡಿ. ರಾತ್ರಿ ಪಾಳಿಗೆ ಎಷ್ಟು ಜನ ಎಂದೂ ಕೇಳಿ.

ಮಂಚದ ಮೇಲೆ ಕೂತಾಗ ಪಾದ ಪೂರ್ತಿ ನೆಲಕ್ಕೆ ಊರಬೇಕು. ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ, ಕರೆಂಟಿನಲ್ಲಿ ನಡೆಯುವ ಯಂತ್ರ) ಬಳಸುವವರಿದ್ದರೆ ಆ ಪ್ಲಗ್‌ಗೆ ಜನರೇಟರ್ ಸಂಪರ್ಕ ಇದೆಯೇ ವಿಚಾರಿಸಿ. ಎಷ್ಟೋ ಕಡೆ ಯುಪಿಎಸ್ ಬರೀ ದೀಪ, ಫ್ಯಾನಿಗೆ.