ವಿಮಾ ಸಮ್ಮೇಳನಗಳಲ್ಲಿ ನಾನು ಕಟ್ಟಿಕೊಂಡ ಬಳಗ

ಕ್ಲೇಮು ವಿಭಾಗದಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸಮ್ಮೇಳನಗಳೆಂದರೆ ಹಿರಿಯ ಅಧಿಕಾರಿಗಳು ಹೋಗಿಬರುವ ಜಾಗ, ಕಡತ ನೋಡುವವರಿಗೆ ಅಲ್ಲಿ ಏನೂ ಕೆಲಸವಿಲ್ಲ ಎಂದೇ ನಾನು ತಿಳಿದಿದ್ದೆ. ಆ ತಿಳಿವಳಿಕೆ ಬದಲಾದದ್ದು ತುಕ್ಕು ಹಿಡಿದ ಉಕ್ಕಿನ ಸುರುಳಿಗಳ ಒಂದು ಕ್ಲೇಮಿನಿಂದ. ಹಡಗಿನ ಸರಕುಕೋಣೆಯೊಳಗೆ ಸಮುದ್ರದ ನೀರು ನುಗ್ಗಿ ತುಕ್ಕು ಹಿಡಿಯಿತೋ, ಇಲ್ಲವೇ ಒಳಗಿನ ತೇವವೇ ಹನಿಗಟ್ಟಿ ಸುರುಳಿಗಳ ಮೇಲೆ ತೊಟ್ಟಿಕ್ಕಿತೋ ಎಂಬುದು ಇತ್ಯರ್ಥವಾಗದೆ ಆ ಕಡತ ವಾರಗಟ್ಟಲೆ ನನ್ನ ಮೇಜಿನ ಮೇಲೆಯೇ ಉಳಿದಿತ್ತು.

ಅದೇ ಸಮಯದಲ್ಲಿ ಸಮುದ್ರವಿಮೆಯ ಒಂದು ಗೋಷ್ಠಿಗೆ ನನ್ನನ್ನು ಕಳುಹಿಸಲಾಯಿತು. ಚಹಾ ವಿರಾಮದಲ್ಲಿ ಪಕ್ಕದಲ್ಲಿ ನಿಂತಿದ್ದ ಹಿರಿಯ ಸರ್ವೇಯರ್ (ನಷ್ಟವನ್ನು ಪರಿಶೀಲಿಸಿ ಅಂದಾಜು ಮಾಡುವವರು) ಒಬ್ಬರು ನನ್ನ ಕೆಲಸದ ಬಗ್ಗೆ ವಿಚಾರಿಸಿದರು. ಹುದ್ದೆಯ ಹೆಸರು ಹೇಳಿ ಸುಮ್ಮನಾಗುವ ಬದಲು, ಹಡಗಿನ ಹೆಸರನ್ನೂ ಪಾಲಿಸಿದಾರರ ಹೆಸರನ್ನೂ ಬಿಟ್ಟು, ನಾನು ಆ ತುಕ್ಕಿನ ಸಮಸ್ಯೆಯನ್ನು ಅವರ ಮುಂದಿಟ್ಟೆ. "ಸಿಲ್ವರ್ ನೈಟ್ರೇಟ್ ಹಾಕಿ ನೋಡಿದ್ದಾರೆಯೇ?" ಎಂದು ಅವರು ಕೇಳಿದರು. ತುಕ್ಕಿನ ಮೇಲೆ ಆ ದ್ರಾವಣದ ಒಂದೆರಡು ಹನಿ ಬಿಟ್ಟರೆ, ಉಪ್ಪುನೀರಿನಲ್ಲಿರುವ ಕ್ಲೋರೈಡ್ ಅಲ್ಲಿದ್ದ ಪಕ್ಷದಲ್ಲಿ ಹಾಲಿನಂಥ ಬಿಳುಪು ಮೂಡುತ್ತದೆ, ಬರಿಯ ಸಿಹಿನೀರಿನ ತೇವವಾದರೆ ಮೂಡುವುದಿಲ್ಲ ಎಂದು ವಿವರಿಸಿದರು. "ಆದರೆ ಅದನ್ನೇ ಕೊನೆಯ ಮಾತೆಂದು ಹಿಡಿಯಬೇಡಿ, ಕ್ಲೋರೈಡ್ ಬೇರೆ ಕಡೆಯಿಂದಲೂ ಬಂದಿರಬಹುದು. ಪ್ರಯೋಗಾಲಯದ ವರದಿ ತರಿಸಿಕೊಳ್ಳಿ" ಎಂದೂ ಸೇರಿಸಿ, ತಮ್ಮ ವಿಸಿಟಿಂಗ್ ಕಾರ್ಡಿನ ಹಿಂಬದಿಯಲ್ಲಿ ಎರಡು ಸಾಲು ಗೀಚಿ ಕೊಟ್ಟರು. ಮರುದಿನ ಕಡತ ತೆರೆದು ನೋಡಿದರೆ, ಸರ್ವೆ ವರದಿಯ ಕೊನೆಯ ಪುಟಗಳಲ್ಲಿ ಕಂದು ತುಕ್ಕಿನ ನಡುವೆ ಬಿಳಿ ಮಚ್ಚೆಯೊಂದರ ಸಣ್ಣ ಛಾಯಾಚಿತ್ರವಿತ್ತು. ಅದನ್ನು ನಾನು ಹಿಂದೆಯೂ ಹಲವು ಸಲ ನೋಡಿದ್ದೆ. ಅದು ಏನನ್ನು ಹೇಳುತ್ತಿದೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ.

ಅಂದಿನಿಂದ ಯಾವ ಸಮ್ಮೇಳನಕ್ಕೆ ಹೋಗುವಾಗಲೂ, ಆ ಹೊತ್ತಿಗೆ ನನ್ನನ್ನು ನಿಜವಾಗಿ ಕಾಡುತ್ತಿರುವ ಒಂದೋ ಎರಡೋ ಪ್ರಶ್ನೆಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೇ ಹೊರಡುತ್ತೇನೆ. ನಮ್ಮ ವೃತ್ತಿಯಲ್ಲಿ ಬೇರೂರಿದವರಿಗೆ ಹುದ್ದೆಗಳ ಬಗ್ಗೆ ಕುತೂಹಲ ಕಡಿಮೆ, ಕೇಸುಗಳ ಬಗ್ಗೆ ಅಪಾರ. ಒಳ್ಳೆಯ ಪ್ರಶ್ನೆಯೊಂದನ್ನು ಮುಂದಿಟ್ಟರೆ ಅಪರಿಚಿತರೂ ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ವಿಮೆಯ ವ್ಯವಹಾರ ಬೆಳೆದು ಬಂದದ್ದೇ ಇಂಥ ಭೇಟಿಗಳಲ್ಲಿ. ಲಂಡನ್ನಿನ ಟವರ್ ಸ್ಟ್ರೀಟ್‌ನಲ್ಲಿದ್ದ ಎಡ್ವರ್ಡ್ ಲಾಯ್ಡ್ ಅವರ ಕಾಫಿ ಮನೆಯ ಮೊದಲ ಉಲ್ಲೇಖ ಸಿಗುವುದು 1688ರಲ್ಲಿ. 1691ರಲ್ಲಿ ಅದು ಲೊಂಬಾರ್ಡ್ ಸ್ಟ್ರೀಟ್‌ಗೆ ಸ್ಥಳಾಂತರವಾಯಿತು. ಹಡಗಿನ ಕಪ್ತಾನರು, ಮಾಲೀಕರು, ವರ್ತಕರು ಅಲ್ಲಿ ಸೇರಿ ಯಾವ ಹಡಗು ಎಲ್ಲಿದೆ ಎಂಬ ಸುದ್ದಿ ವಿನಿಮಯ ಮಾಡಿಕೊಳ್ಳುತ್ತಿದ್ದರು; ಅಪಾಯದಲ್ಲಿ ಪಾಲು ಹೊರಲು ಒಪ್ಪಿದವರು ಕಾಗದದ ಕೆಳಗೆ ಸಹಿ ಹಾಕುತ್ತಿದ್ದುದರಿಂದಲೇ ಅಂಡರ್‌ರೈಟರ್ ಎಂಬ ಹೆಸರು ಬಂತು. ಆ ಕಾಫಿ ಮನೆಯಿಂದಲೇ ಬೆಳೆದ ಲಾಯ್ಡ್ಸ್ ವಿಮಾ ಮಾರುಕಟ್ಟೆಯಲ್ಲಿ ಇಂದಿಗೂ ಅಂಡರ್‌ರೈಟರ್‌ಗಳು ಕೂರುವ ಸ್ಥಳವನ್ನು ಬಾಕ್ಸ್ ಎಂದೇ ಕರೆಯುತ್ತಾರೆ, ಬ್ರೋಕರ್‌ಗಳು ಅಲ್ಲಿಗೇ ನಡೆದು ಹೋಗಿ ಮಾತನಾಡುವ ರೂಢಿಯೂ ಉಳಿದಿದೆ. ಇದಕ್ಕೆ ಕಾರಣ ವ್ಯವಹಾರದ ಸ್ವರೂಪದಲ್ಲಿಯೇ ಇದೆ. ವಿಮೆ ಕೊಡುವವನು ತಾನು ಹೊರುವ ಅಪಾಯವನ್ನು ಬಹುಪಾಲು ಕಣ್ಣಾರೆ ಕಂಡಿರುವುದಿಲ್ಲ, ಎದುರಿನವರು ಹೇಳಿದ್ದನ್ನು ನಂಬಿ ಸಹಿ ಹಾಕುತ್ತಾನೆ. 1766ರಲ್ಲಿ ಕಾರ್ಟರ್ ಮತ್ತು ಬೋಹಮ್ ನಡುವಿನ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ವಿಮಾ ಒಪ್ಪಂದದ ಬುನಾದಿಯೆಂದು ಸ್ಥಾಪಿಸಿದ ಪರಮ ಸದ್ಭಾವನೆಯ, ಅಂದರೆ ಮುಖ್ಯವಾದದ್ದೇನನ್ನೂ ಮುಚ್ಚಿಡಬಾರದೆಂಬ, ತತ್ವದ ತಿರುಳೂ ಇದೇ. ಹೇಳುವವರು ಯಾರು, ಅವರ ಮಾತಿಗೆ ಎಷ್ಟು ತೂಕ ಎಂಬುದು ಇಮೇಲಿನಲ್ಲಿ ತಿಳಿಯುವುದಕ್ಕಿಂತ ಎದುರಿಗೆ ಕುಳಿತಾಗ ಬೇಗ ತಿಳಿಯುತ್ತದೆ.

ಎಲ್ಲ ಸಮ್ಮೇಳನಗಳಿಗೂ ಎಡತಾಕಬೇಕಾದ ಅಗತ್ಯವಿಲ್ಲ. ಮರುವಿಮೆಯಲ್ಲಿ, ಅಂದರೆ ವಿಮಾ ಕಂಪನಿಗಳಿಗೇ ವಿಮೆ ಕೊಡುವ ವ್ಯವಹಾರದಲ್ಲಿ, ಕೆಲಸ ಮಾಡುವವರಿಗೆ 1957ರಿಂದ ಮಾಂಟೆ ಕಾರ್ಲೊದಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ನಡೆದುಬಂದಿರುವ ಸಮಾವೇಶ, ಅದರ ಬೆನ್ನಿಗೇ ಅಕ್ಟೋಬರಿನಲ್ಲಿ ಜರ್ಮನಿಯ ಬಾಡೆನ್-ಬಾಡೆನ್‌ನಲ್ಲಿ ನಡೆಯುವ ಭೇಟಿ ಮುಖ್ಯವಾಗುತ್ತವೆ, ಏಕೆಂದರೆ ಮರುವಿಮಾ ಒಪ್ಪಂದಗಳಲ್ಲಿ ದೊಡ್ಡ ಪಾಲು ಜನವರಿ 1ರಂದು ನವೀಕರಣಗೊಳ್ಳುತ್ತದೆ, ಅದರ ಮಾತುಕತೆ ಶರತ್ಕಾಲದಲ್ಲಿಯೇ ಆರಂಭವಾಗಬೇಕಾಗುತ್ತದೆ. ಜೀವವಿಮಾ ಪ್ರತಿನಿಧಿಗಳಿಗೆ ಎಂಡಿಆರ್‌ಟಿ (ಮಿಲಿಯನ್ ಡಾಲರ್ ರೌಂಡ್ ಟೇಬಲ್) ಎಂಬ ಸಂಘವಿದೆ. 1927ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ 32 ಮಂದಿ ಸೇರಿ ಅದನ್ನು ಆರಂಭಿಸಿದರು. ಒಬ್ಬರಿಗೊಬ್ಬರು ಪೈಪೋಟಿಯಲ್ಲಿರುವವರೇ ವೇದಿಕೆ ಹತ್ತಿ ತಮ್ಮ ಕೆಲಸದ ವಿಧಾನವನ್ನು ಬಿಚ್ಚಿ ಹೇಳುವ ಅಲ್ಲಿನ ಸಂಪ್ರದಾಯ ನನಗೆ ಬಹಳ ಮೆಚ್ಚುಗೆಯಾದದ್ದು. ವಿಮೆಯ ಅಪಾಯವನ್ನು ಗಣಿತದಿಂದ ಲೆಕ್ಕಹಾಕುವ ಆಕ್ಚುವರಿಗಳ ಅಂತರರಾಷ್ಟ್ರೀಯ ಸಮ್ಮೇಳನವಂತೂ 1895ರಲ್ಲಿ ಬ್ರಸೆಲ್ಸ್‌ನಲ್ಲಿ ಆರಂಭವಾದದ್ದು. ಆದರೂ ನನ್ನ ಅನುಭವವನ್ನು ಕೇಳಿದರೆ, ಸಾವಿರಾರು ಜನ ಸೇರುವ ಸಭಾಂಗಣಕ್ಕಿಂತ ನಲವತ್ತು ಮಂದಿಯ ಅಧ್ಯಯನ ಗೋಷ್ಠಿಯಲ್ಲಿಯೇ ಉಳಿಯುವಂಥ ಪರಿಚಯಗಳು ಹುಟ್ಟಿವೆ. ಸಣ್ಣ ಗೋಷ್ಠಿಯಲ್ಲಿ ಬೆಳಿಗ್ಗೆ ಪ್ರಶ್ನೆ ಕೇಳಿದವರ ಮುಖ ಮಧ್ಯಾಹ್ನದ ಊಟದ ಹೊತ್ತಿಗೂ ನೆನಪಿರುತ್ತದೆ.

ಊಟದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಒಂದೇ ಕಚೇರಿಯಿಂದ ಬಂದವರೆಲ್ಲ ಒಂದೇ ಮೇಜಿನ ಸುತ್ತ ಕೂರುವುದನ್ನು ಪ್ರತಿ ಸಮ್ಮೇಳನದಲ್ಲಿಯೂ ಕಾಣುತ್ತೇನೆ, ಕಂಡಾಗಲೆಲ್ಲ ಮನಸ್ಸಿಗೆ ಬೇಸರವಾಗುತ್ತದೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟ್ಟರ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಚಿತರ ಮೂಲಕ ಕೆಲಸ ಸಿಕ್ಕವರ ಪೈಕಿ ಆ ಪರಿಚಿತರನ್ನು ಪದೇಪದೇ ಭೇಟಿಯಾಗುತ್ತಿದ್ದವರು ಶೇ. 16.7ರಷ್ಟು ಮಾತ್ರ, ಆಗೊಮ್ಮೆ ಈಗೊಮ್ಮೆ ಭೇಟಿಯಾಗುತ್ತಿದ್ದವರು ಶೇ. 55.6ರಷ್ಟಿದ್ದರು. ದಿನವೂ ಜೊತೆಗಿರುವವರಿಗೆ ತಿಳಿದಿರುವುದು ಬಹುಮಟ್ಟಿಗೆ ನಮಗೂ ತಿಳಿದಿರುತ್ತದೆ. ಅಗ್ನಿ ಅವಘಡಗಳ ಕಾರಣ ಹುಡುಕುವ ಎಂಜಿನಿಯರ್, ಪಾಲಿಸಿಯ ಷರತ್ತುಗಳನ್ನು ನ್ಯಾಯಾಲಯದಲ್ಲಿ ವಾದಿಸುವ ವಕೀಲರು, ಮರುವಿಮಾ ಕಂಪನಿಯಲ್ಲಿ ನಷ್ಟದ ಅಂದಾಜು ಕಟ್ಟುವವರು ಬೇರೆಯೇ ಲೋಕಗಳಲ್ಲಿ ಓಡಾಡುತ್ತಾರೆ. ಅವರ ಮೇಜಿನಲ್ಲಿ ಖಾಲಿ ಕುರ್ಚಿ ಇದ್ದರೆ ಅನುಮತಿ ಕೇಳಿ ಕೂರುವುದು ಮೊದಲ ಸಲ ಕಷ್ಟವೆನಿಸುತ್ತದೆ, ಮೂರನೆಯ ಸಲಕ್ಕೆ ಅಭ್ಯಾಸವಾಗುತ್ತದೆ. ತೀರಾ ಸಂಕೋಚದ ಸ್ವಭಾವದವರು ನೋಂದಣಿ ಮೇಜಿನಲ್ಲಿ ನೆರವಾಗಲು ಇಲ್ಲವೇ ಗೋಷ್ಠಿಯ ವರದಿ ಬರೆಯಲು ಮುಂದಾಗಬಹುದು, ಆಗ ಜನರೇ ಮಾತನಾಡಿಸಲು ಬರುತ್ತಾರೆ.

ಪರಿಚಯ ಮಾಡಿಕೊಳ್ಳುವುದಕ್ಕಿಂತ ಅದನ್ನು ಉಳಿಸಿಕೊಳ್ಳುವುದರಲ್ಲಿ ನಾನು ಎಡವಿದ್ದೇನೆ. ಒಂದು ಸಮ್ಮೇಳನದಲ್ಲಿ ಬೇರೊಂದು ಕಂಪನಿಯ ಅಂಡರ್‌ರೈಟರ್ ಒಬ್ಬರ ಜೊತೆ ಗೋದಾಮು ಪಾಲಿಸಿಗಳಲ್ಲಿನ ಪ್ರವಾಹ ಷರತ್ತಿನ ಪದಬಳಕೆಯ ಬಗ್ಗೆ ದೀರ್ಘವಾಗಿ ಚರ್ಚಿಸಿದ್ದೆ. ಆ ವಿಷಯದ ಮೇಲೆ ನಾನು ಓದಿದ್ದ ತೀರ್ಪುಗಳ ಟಿಪ್ಪಣಿಯನ್ನು ಈ ವಾರವೇ ಕಳುಹಿಸುತ್ತೇನೆ ಎಂದು ಮಾತು ಕೊಟ್ಟೆ. ಅವರು ನನ್ನೆದುರೇ ಅದನ್ನು ತಮ್ಮ ಡೈರಿಯಲ್ಲಿ ಬರೆದುಕೊಂಡರು. ನಾನು ಊರಿಗೆ ಮರಳಿದವನೇ ಬಾಕಿ ಕಡತಗಳಲ್ಲಿ ಮುಳುಗಿ ಅದನ್ನು ಮರೆತೇಬಿಟ್ಟೆ. ಮುಂದಿನ ವರ್ಷ ಎದುರಾದಾಗ ಅವರು ಬಹಳ ಸೌಜನ್ಯದಿಂದಲೇ ಕ್ಷೇಮಸಮಾಚಾರ ಕೇಳಿದರು, ಟಿಪ್ಪಣಿಯ ಸುದ್ದಿ ಎತ್ತಲಿಲ್ಲ, ಎರಡು ಮಾತಾಡಿ ಮುಂದೆ ನಡೆದರು. ಕೊಟ್ಟ ಮಾತಿನ ಮೇಲೆಯೇ ನಿಂತಿರುವ ವ್ಯವಹಾರದಲ್ಲಿರುವವನು ಇಷ್ಟು ಸಣ್ಣ ಮಾತನ್ನು ಉಳಿಸಿಕೊಳ್ಳಲಿಲ್ಲವಲ್ಲ ಎಂಬ ನೋವು ನನಗೆ ಈಗಲೂ ಇದೆ.

ಆಮೇಲೆ ನಾನು ರೂಢಿಸಿಕೊಂಡ ಕ್ರಮ ಸರಳವಾದದ್ದು. ಆ ದಿನ ರಾತ್ರಿಯೇ ಪ್ರತಿ ಕಾರ್ಡಿನ ಹಿಂದೆ ದಿನಾಂಕ, ಮಾತಾಡಿದ ವಿಷಯ ಮತ್ತು ನಾನು ಒಪ್ಪಿಕೊಂಡ ಕೆಲಸವನ್ನು ಬರೆಯುತ್ತೇನೆ. ಒಪ್ಪಿಕೊಂಡದ್ದನ್ನು ಎರಡು ದಿನಗಳೊಳಗೆ ಕಳುಹಿಸುತ್ತೇನೆ. ಕಳುಹಿಸಲಾಗದು ಎನಿಸಿದರೆ ಸ್ಥಳದಲ್ಲಿಯೇ ಹಾಗೆಂದು ಹೇಳುತ್ತೇನೆ. ಲಿಂಕ್ಡ್‌ಇನ್‌ನಲ್ಲಿ ಕೋರಿಕೆ ಕಳುಹಿಸುವಾಗಲೂ ನಾವು ಏನು ಮಾತಾಡಿದ್ದೆವು ಎಂಬ ಒಂದು ಸಾಲನ್ನು ಸೇರಿಸದೆ ಬಿಡುವುದಿಲ್ಲ. ವರ್ಷಕ್ಕೊಮ್ಮೆಯಾದರೂ, ಯಾವ ಕೋರಿಕೆಯನ್ನೂ ಇಟ್ಟುಕೊಳ್ಳದೆ, ಅವರಿಗೆ ಉಪಯೋಗವಾಗುವ ತೀರ್ಪನ್ನೋ ಸುತ್ತೋಲೆಯನ್ನೋ ಕಳುಹಿಸುವುದುಂಟು.

ಈ ಒಡನಾಟಕ್ಕೆ ದಾಟಬಾರದ ಗೆರೆಗಳಿವೆ, ಹೊಸಬರಿಗೆ ಇವನ್ನು ಯಾರೂ ಮುಂಚಿತವಾಗಿ ಹೇಳದಿರುವುದು ಸರಿಯಲ್ಲ. ಒಂದೇ ಮಾರುಕಟ್ಟೆಯಲ್ಲಿ ಪೈಪೋಟಿ ನಡೆಸುವ ಕಂಪನಿಗಳವರು ಒಂದು ಮೇಜಿನ ಸುತ್ತ ಕುಳಿತಾಗ ಮುಂದಿನ ಪ್ರೀಮಿಯಂ ದರ ಎಷ್ಟಿರಬೇಕು, ಯಾವ ಗ್ರಾಹಕರನ್ನು ಯಾರು ಬಿಟ್ಟುಕೊಡಬೇಕು ಎಂಬಂಥ ಮಾತು ಹೊರಟರೆ ಅದು ಸ್ಪರ್ಧಾ ಕಾನೂನಿನ ಉಲ್ಲಂಘನೆಗೆ ದಾರಿಯಾಗುತ್ತದೆ. ಸುಮ್ಮನೆ ಕೇಳಿಸಿಕೊಂಡು ಕುಳಿತವರ ಮೇಲೂ ಅನುಮಾನ ಬರುತ್ತದೆ. ಅಂಥ ಮಾತು ಬಂದಾಗ ಇದರಲ್ಲಿ ನಾನು ಭಾಗವಹಿಸಲಾರೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಎದ್ದು ಬರಬೇಕು, ಕಚೇರಿಯ ಕಾನೂನು ವಿಭಾಗಕ್ಕೂ ಅಂದೇ ತಿಳಿಸಬೇಕು. ಇನ್ನೊಂದು ಗೆರೆ ಪಾಲಿಸಿದಾರರ ಗುಟ್ಟಿನದು. ಹೆಸರು ಬಿಟ್ಟರೆ ಸಾಕೆಂದು ಹಲವರು ಭಾವಿಸುತ್ತಾರೆ, ಆದರೆ ಸಮುದ್ರವಿಮೆಯಂಥ ಸಣ್ಣ ಲೋಕದಲ್ಲಿ ಸರಕು, ಬಂದರು, ತಿಂಗಳು ಈ ಮೂರನ್ನು ಹೇಳಿದರೆ ಹಡಗು ಯಾವುದೆಂದು ಕೇಳುವವರು ಊಹಿಸಿಬಿಡುತ್ತಾರೆ. ಅಂದು ಆ ಸರ್ವೇಯರ್ ಮುಂದೆ ನಾನು ತುಕ್ಕಿನ ಬಗ್ಗೆ ಮಾತ್ರ ಹೇಳಿದ್ದೆ. ಅವರೂ ಅದಕ್ಕಿಂತ ಹೆಚ್ಚನ್ನು ಕೆದಕಲಿಲ್ಲ. ಅವರ ಮೇಲೆ ನನಗೆ ಗೌರವ ಹುಟ್ಟಲು ಅವರ ಜ್ಞಾನದಷ್ಟೇ ಆ ಸಂಯಮವೂ ಕಾರಣ.

ಮುಂದಿನ ತಿಂಗಳು ನಡೆಯಲಿರುವ ಗೋಷ್ಠಿಯೊಂದಕ್ಕೆ ಈಗಾಗಲೇ ಹೆಸರು ನೋಂದಾಯಿಸಿದ್ದೇನೆ. ಲಿಥಿಯಂ-ಅಯಾನ್ ಬ್ಯಾಟರಿಗಳು ತುಂಬಿದ ಕಂಟೇನರಿಗೆ ಬಿದ್ದ ಬೆಂಕಿ ಆರಿದಂತೆ ಕಂಡ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು. ಹಾಗಿರುವಾಗ ಸರ್ವೇಯರ್ ಅದನ್ನು ಯಾವಾಗ ತೆರೆಸಬೇಕು, ಸುಡದೆ ಉಳಿದಂತೆ ಕಾಣುವ ಸರಕಿಗೆ ಏನು ಬೆಲೆ ಕಟ್ಟಬೇಕು ಎಂಬುದು ಸದ್ಯಕ್ಕೆ ನನ್ನ ಟಿಪ್ಪಣಿ ಪುಸ್ತಕದಲ್ಲಿರುವ ಪ್ರಶ್ನೆ. ಭಾಷಣಕಾರರ ಪಟ್ಟಿಯಲ್ಲಿ ಅಗ್ನಿ ತನಿಖೆಯ ಎಂಜಿನಿಯರ್ ಒಬ್ಬರ ಹೆಸರಿದೆ. ಅವರ ಹಳೆಯ ಲೇಖನವೊಂದನ್ನು ಓದಿ, ಮೊದಲ ದಿನದ ವಿರಾಮದಲ್ಲಿ ಹತ್ತು ನಿಮಿಷ ಬಿಡುವು ಮಾಡಿಕೊಡಲು ಸಾಧ್ಯವೇ ಎಂದು ನಿನ್ನೆ ನಾಲ್ಕು ಸಾಲಿನ ಪತ್ರ ಬರೆದಿದ್ದೇನೆ.